ಎಲುಬು ಮುರಿದ ಮಗ: ಹೆತ್ತವರು ತಿಳಿದಿರಬೇಕಾದದ್ದು

ಮೊಣಕಾಲ ಕೆಳಗಿನ ದೊಡ್ಡ ಎಲುಬು ಮುರಿದರೆ ಕೂಡಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಚರ್ಮ ಸೀಳಿ ಹೊರಬಂದಿದ್ದರೆ ಇನ್ನೂ ಹೆಚ್ಚು. ಜೇವರ್ಗಿಯಿಂದ ಭೀಮಾ ಸೇತುವೆ ದಾಟಿ ಸುಮಾರು 40 ಕಿ.ಮೀ. ದೂರದ ಕಲಬುರಗಿಗೆ ತಪಾಸಣೆಗೆ ಹೋದ ಕುಟುಂಬ ‘ಇನ್ನೂ ಕೂಡಿಲ್ಲ’ ಎಂಬ ಮಾತಿಗೆ ಕಂಗೆಡುವುದು ಸಹಜ.

ದುಡಿಯುತ್ತಿದ್ದ ಮಗನಿಗೆ ತಾಯಿಯ ಹೆಗಲು ಹಿಡಿದು ಶೌಚಕ್ಕೆ ಹೋಗುವುದು ನೋವಿಗಿಂತ ಭಾರ. ಆದ್ದರಿಂದ ಔಷಧ, ವ್ಯಾಯಾಮಗಳ ಲೆಕ್ಕ ಅವನ ಕೈಯಲ್ಲೇ ಇರಲಿ. ಕಾಲೂರುವ ದಿನವನ್ನು ವೈದ್ಯರು ಹೇಳಬೇಕು, ನೆಂಟರಲ್ಲ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ನಿಧಾನಗೊಳಿಸುತ್ತವೆ. ಈ ವಿಷಯದಲ್ಲಿ ಮಾತ್ರ ಹೆತ್ತವರ ಹಟ ಸಮರ್ಥನೀಯ.

ಮೀನಖಂಡ ಊದಿ ನೋಯತೊಡಗಿದರೆ ಎಣ್ಣೆ ತಿಕ್ಕಬಾರದು. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ವೈದ್ಯರಿಗೆ ತೋರಿಸಬೇಕು. ಒಮ್ಮೆಲೇ ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.