ಸನ್ನೆಕೋಲಿನಿಂದ ಸಾಲದವರೆಗೆ

‘ಚಿನ್ನ ಅಡವಿಟ್ಟು ಶೇರು ಕೊಂಡರೆ ಹೇಗೆ?’ ಎಂದು ಬ್ಯಾಂಕಿನಲ್ಲಿ ನನ್ನನ್ನು ಆಗಾಗ ಕೇಳುವವರಿದ್ದಾರೆ. ಸಾಲದ ಹಣದಿಂದ ಲಾಭ ಹಿಗ್ಗಿಸುವ ಈ ಉಪಾಯಕ್ಕೆ ಶೇರುಪೇಟೆಯ ಭಾಷೆಯಲ್ಲಿ ‘ಲೆವರೇಜ್’ ಎಂದು ಹೆಸರು. ಆ ಪದದ ಚರಿತ್ರೆಯಲ್ಲೇ ಆ ಪ್ರಶ್ನೆಗೆ ಉತ್ತರವಿದೆ.

ಲ್ಯಾಟಿನಿನಲ್ಲಿ ‘ಲೆವಿಸ್’ ಎಂದರೆ ಹಗುರ. ‘ಲೆವಾರೆ’ ಎಂದರೆ ಹಗುರ ಮಾಡು, ಎತ್ತು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಲೀವರ್’ ಆಯಿತು. ನಮ್ಮ ಶಾಲಾಪುಸ್ತಕದ ಸನ್ನೆಕೋಲು, ಮಲಯಾಳದ ಉತ್ತೋಲಕ ಇದೇ. ಕಲ್ಲೆಬ್ಬಿಸುವ ಕಬ್ಬಿಣದ ಹಾರೆಯೂ ಒಂದು ಸನ್ನೆಕೋಲೇ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು. ಮಲಯಾಳದಲ್ಲಿ ಆ ಹಾರೆ ಇಂದಿಗೂ ‘ಪಾರ’. ಒಬ್ಬನ ಕೆಲಸ ಕೆಡಿಸುವುದಕ್ಕೆ ‘ಪಾರ ವೆಕ್ಕುಕ’ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಎತ್ತುವ ಸಾಧನವೇ ಕೆಡಹುವುದೂ ಉಂಟೆಂದು ಆಡುಮಾತಿಗೆ ಗೊತ್ತಿತ್ತು.

ಕ್ರಿ.ಪೂ. 3ನೇ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಸನ್ನೆಯ ನಿಯಮವನ್ನು ಸಾಧಿಸಿ ತೋರಿಸಿದ. ಸನ್ನೆ ಊರಿದ ಜಾಗದಿಂದ ಹತ್ತು ಪಾಲು ದೂರದ ಒಂದು ತೂಕ, ಒಂದು ಪಾಲು ದೂರದ ಹತ್ತು ತೂಕಕ್ಕೆ ಸಮ. 18ನೇ ಶತಮಾನದ ಇಂಗ್ಲಿಷಿನಲ್ಲಿ ‘ಲೆವರೇಜ್’ ಎಂದರೆ ಸನ್ನೆಯ ಈ ಕ್ರಿಯೆ ಮಾತ್ರ. 19ನೇ ಶತಮಾನದಲ್ಲಿ ಅದಕ್ಕೆ ಪ್ರಭಾವವೆಂಬ ಅರ್ಥ ಕೂಡಿತು. ಸಾಲದ ಅರ್ಥ ಬಂದದ್ದು 1930ರ ದಶಕದ ಅಮೇರಿಕದಲ್ಲಿ.

ಪದಕ್ಕಿಂತ ಮೊದಲೇ ಅನುಭವ ಆಗಿತ್ತು. 1920ರ ದಶಕದ ನ್ಯೂಯಾರ್ಕಿನಲ್ಲಿ 10 ಡಾಲರು ಕೈಯಿಂದ ಹಾಕಿ, 90 ಡಾಲರು ಸಾಲ ಮಾಡಿ ಶೇರು ಕೊಳ್ಳುವವರಿದ್ದರು. ಬೆಲೆ 110 ಆದರೆ, ಬಡ್ಡಿಯ ಲೆಕ್ಕ ಬಿಟ್ಟು, ಕೈಹಣ ಇಮ್ಮಡಿ; 90ಕ್ಕಿಳಿದರೆ ಕೈಹಣ ಪೂರ್ತಿ ಹೋಯಿತು; ಅದಕ್ಕೂ ಕೆಳಗಿಳಿದರೆ ಉಳಿಯುವುದು ಸಾಲ. 1929ರ ಅಕ್ಟೋಬರ್ 28, 29ರ ಎರಡೇ ದಿನಗಳಲ್ಲಿ ಡೌ ಜೋನ್ಸ್ ಸೂಚ್ಯಂಕ ಸುಮಾರು ಶೇ. 23 ಕುಸಿಯಿತು.

2008ರ ಬಿಕ್ಕಟ್ಟಿನಲ್ಲಿ ದೊಡ್ಡ ಬ್ಯಾಂಕುಗಳೇ ಇದೇ ರೀತಿ ಮುಗ್ಗರಿಸಿದವು. ಆ ಮೇಲೆ ಬಾಸೆಲ್ ಸಮಿತಿ, ಬ್ಯಾಂಕಿನ ಒಟ್ಟು ವ್ಯವಹಾರದ ಶೇ. 3ರಷ್ಟಾದರೂ ಸ್ವಂತ ಬಂಡವಾಳವಿರಬೇಕೆಂದು 2010ರಲ್ಲಿ ನಿಯಮ ಮಾಡಿತು. ಬಾಸೆಲ್ ನಮಗೆ ಹೊಸ ಹೆಸರೇನಲ್ಲ. ಗುಂಡರ್ಟರ ಮಲಯಾಳ ನಿಘಂಟನ್ನು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದ ಮಿಷನ್ ಆ ಊರಿನದೇ. ನಮ್ಮ ರಿಸರ್ವ್ ಬ್ಯಾಂಕು 2019ರಲ್ಲಿ ಈ ಪ್ರಮಾಣವನ್ನು ಅತಿ ದೊಡ್ಡ ಬ್ಯಾಂಕುಗಳಿಗೆ ಶೇ. 4, ಉಳಿದವಕ್ಕೆ ಶೇ. 3.5 ಎಂದು ಗೊತ್ತುಮಾಡಿತು.

ಬ್ಯಾಂಕಿಗೆ ಹೀಗೆ ಮಿತಿ ಹಾಕುವವರಿದ್ದಾರೆ. ನಮ್ಮ ಮನೆಯ ಸಾಲಕ್ಕೆ ಮಿತಿ ಹಾಕಬೇಕಾದವರು ನಾವೇ. ಆದ್ದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು: ಬೆಲೆ ಇಳಿದರೂ ಬೇರೆ ವರಮಾನದಿಂದ ತೀರಿಸಬಲ್ಲಿರಾದರೆ ಮಾತ್ರ ಯೋಚಿಸಿ, ಇಲ್ಲವಾದರೆ ಮಗಳ ಬಳೆ ಮನೆಯಲ್ಲೇ ಇರಲಿ.