ಅಮ್ಮ ಮತ್ತು ಬಸ್ಸಿನ ಬೋರ್ಡು

1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಕಾಸರಗೋಡಿನ ನಮಗೆ ಪೇಟೆಯೆಂದರೆ ಅದೇ. ಎರಡೂ ಊರು ಅಂದು ದಕ್ಷಿಣ ಕನ್ನಡ ಜಿಲ್ಲೆಯವು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾಗುವವರೆಗೆ ಜಿಲ್ಲಾ ಕಚೇರಿಯ ಕೆಲಸಕ್ಕೆ ಕಣ್ಣೂರಿಗೆ ಹೋಗಬೇಕಿತ್ತು. ಆಸ್ಪತ್ರೆಗೆ, ಜವಳಿಗೆ ಮಾತ್ರ ಮಂಗಳೂರೇ.

ಕನ್ನಡವೊಂದನ್ನೇ ಓದಬಲ್ಲ ನನ್ನ ಅಮ್ಮ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬೋರ್ಡು ಓದಿ ಸಿಟಿ ಬಸ್ಸು ಹತ್ತುತ್ತಿದ್ದರು. ಸ್ವಂತ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬರಿಯ ಮಲಯಾಳ ಬೋರ್ಡು ಕಂಡು, “ಇದು ಎಲ್ಲಿಗೆ ಮಗಾ?” ಎಂದು ಕೇಳಬೇಕಾಗುತ್ತಿತ್ತು. ಮಲಯಾಳಿ ಕಂಡಕ್ಟರು ತುಳುವಿನಲ್ಲೇ “ಬಲೆ ಅಮ್ಮಾ” ಎಂದು ಕರೆದು ಸೀಟು ಕೊಡಿಸಿದ್ದೂ ಉಂಟು.

ಗಡಿಯ ಜಗಳ ಇಲ್ಲಿ ಬೇಡ. ಬೋರ್ಡಿನಲ್ಲಿ ಒಂದು ಸಾಲು ಕನ್ನಡವಿದ್ದರೆ ಇಂಥ ಅಮ್ಮಂದಿರು ಯಾರನ್ನೂ ಕೇಳದೆ ಬಸ್ಸು ಹತ್ತಿಯಾರು.