ಕೆಜಿಎಫ್ ಚಾಪ್ಟರ್ 2: ಸೇಡಿನ ಕಥೆಗೆ ಜೀವ ತುಂಬಿದವರು ಯಾರ್ಯಾರು? ಇಲ್ಲಿದೆ ಪೂರ್ತಿ ಮಾಹಿತಿ

ಸವಣೂರು: ರಾಕಿ ಭಾಯ್ ಯಾರು ಅಂತ ನಮ್ಮ ತಾಲೂಕಿನಲ್ಲಿ ಕೇಳಿದರೆ ಸಣ್ಣ ಹುಡುಗರೂ ಹೇಳುತ್ತಾರೆ. ಆದರೆ ಖಾಸಿಂ ಚಾಚಾ ಪಾತ್ರ ಮಾಡಿದವರ ಹೆಸರೇನು, ಕಣ್ಣು ಕಾಣದ ಆ ತಾತ ಯಾರು ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಸಿನಿಮಾ ಬಂದು ವರ್ಷಗಳಾದರೂ ಟಿವಿಯಲ್ಲಿ, ಮೊಬೈಲ್‌ನಲ್ಲಿ ಅದರ ಸೀನ್‌ಗಳು ಓಡುತ್ತಲೇ ಇವೆ. ಹಾಗಾಗಿ ಸಿನಿಮಾದ ಕಥೆ, ಪಾತ್ರಧಾರಿಗಳು ಮತ್ತು ಆಮೇಲೆ ಅವರಿಗೆ ಏನಾಯಿತು ಅನ್ನುವುದರ ಮಾಹಿತಿ ಇಲ್ಲಿದೆ.

ಯಾವಾಗ ಬಂತು?

ಮೊದಲ ಭಾಗ 2018ರ ಡಿಸೆಂಬರ್ 21ಕ್ಕೆ ಬಂತು. ಎರಡನೇ ಭಾಗ ಕೊರೊನಾ ಕಾರಣದಿಂದ ತಡವಾಗಿ 2022ರ ಏಪ್ರಿಲ್ 14ಕ್ಕೆ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ ಹೀಗೆ ಐದು ಭಾಷೆಗಳಲ್ಲಿ ತೆರೆಕಂಡಿತು. ನಿರ್ದೇಶನ ಪ್ರಶಾಂತ್ ನೀಲ್, ನಿರ್ಮಾಣ ಹೊಂಬಾಳೆ ಫಿಲ್ಮ್ಸ್‌ನ ವಿಜಯ್ ಕಿರಗಂದೂರು, ಸಂಗೀತ ರವಿ ಬಸ್ರೂರು, ಕ್ಯಾಮೆರಾ ಭುವನ್ ಗೌಡ. ವಿಶ್ವಾದ್ಯಂತ ಗಳಿಕೆಯಲ್ಲಿ 1000 ಕೋಟಿ ರೂಪಾಯಿ ದಾಟಿದ ಮೊದಲ ಕನ್ನಡ ಸಿನಿಮಾ ಇದು. 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಮತ್ತು ಅತ್ಯುತ್ತಮ ಸಾಹಸ ನಿರ್ದೇಶನ (ಅನ್ಬರಿವ್) ಎರಡೂ ಇದಕ್ಕೇ ಸಿಕ್ಕವು.

ಸೇಡು ಯಾರದು?

ಮೊದಲ ಭಾಗದ ಕೊನೆಯಲ್ಲಿ ನರಾಚಿ ಗಣಿಯ ಒಡೆಯ ಗರುಡನನ್ನು ರಾಕಿ ಕೊಲ್ಲುತ್ತಾನೆ. ಎರಡನೇ ಭಾಗ ಅಲ್ಲಿಂದಲೇ ಶುರು. ಸತ್ತಿದ್ದಾನೆ ಅಂದುಕೊಂಡಿದ್ದ ಗರುಡನ ಚಿಕ್ಕಪ್ಪ ಅಧೀರ ತನ್ನ ಗಣಿ ವಾಪಸ್ ಬೇಕು ಅಂತ ಬರುತ್ತಾನೆ. ಅವನ ದಾಳಿಯಲ್ಲಿ ಸತ್ತ ಹುಡುಗ ಫರ್ಮಾನ್‌ನ ತಾಯಿ ಫಾತಿಮಾ ಒಳಗೇ ಕುದಿಯುತ್ತಾಳೆ. ಕೊನೆಗೆ ರಾಕಿಯ ಹೆಂಡತಿ ರೀನಾ ಗುಂಡಿಗೆ ಬಲಿಯಾಗುತ್ತಾಳೆ, ಅಧೀರನ ಕಥೆಯೂ ಮುಗಿಯುತ್ತದೆ. ಒಬ್ಬರ ಸೇಡು ಇನ್ನೊಬ್ಬರ ಮನೆ ಹಾಳು ಮಾಡುತ್ತ ಹೋಗುತ್ತದೆ. ಇಷ್ಟೆಲ್ಲಾ ಆದಮೇಲೆ ಗೆದ್ದವರು ಯಾರು ಅಂದರೆ ಯಾರೂ ಇಲ್ಲ. ರಾಕಿಯೂ ಚಿನ್ನದ ಸಮೇತ ಸಮುದ್ರದ ಪಾಲಾಗುತ್ತಾನೆ.

ಒಂದು ಮಾತು ನೆನಪಿರಲಿ. ನರಾಚಿ ಕಲ್ಪನೆಯ ಊರು, ಕಥೆಯೂ ಕಲ್ಪನೆ. ಕೋಲಾರದ ನಿಜವಾದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಬಂದ್ ಆಗಿದೆ.

ದೊಡ್ಡ ಪಾತ್ರಗಳು

ಯಶ್ (ರಾಕಿ): ಹಾಸನ ಜಿಲ್ಲೆಯವರು, ಬಸ್ ಚಾಲಕರ ಮಗ. ಪೊಲೀಸ್ ಠಾಣೆಯ ಮೇಲೆ 'ದೊಡ್ಡಮ್ಮ' ಅನ್ನೋ ಬಂದೂಕು ಹಿಡಿದು ನಿಂತ ಸೀನ್‌ಗೆ ಥಿಯೇಟರ್‌ಗಳಲ್ಲಿ ಶಿಳ್ಳೆ ಬಿದ್ದಿದ್ದವು. ಆದರೆ ರೀನಾ ಸತ್ತಾಗ ಮಾತಿಲ್ಲದೆ ಕೂರುವಲ್ಲಿ ನಟನೆ ಜಾಸ್ತಿ ಇದೆ.

ಸಂಜಯ್ ದತ್ (ಅಧೀರ): ಕಣ್ಣಲ್ಲೇ ಹೆದರಿಸುವ ಖಳನಾಯಕ. ಚಿತ್ರೀಕರಣ ನಡೆದಿದ್ದಾಗಲೇ, 2020ರಲ್ಲಿ, ಇವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆ ಪಡೆದು ವಾಪಸ್ ಬಂದು ಕ್ಲೈಮ್ಯಾಕ್ಸ್ ಫೈಟ್ ಮುಗಿಸಿದರು.

ರವೀನಾ ಟಂಡನ್ (ಪ್ರಧಾನಿ ರಮಿಕಾ ಸೇನ್): ಕೈಯಲ್ಲಿ ಆಯುಧ ಇಲ್ಲದೆ ರಾಕಿಗೆ ಸರಿಸಾಟಿಯಾಗಿ ನಿಲ್ಲುವ ಪಾತ್ರ.

ಪ್ರಕಾಶ್ ರಾಜ್ (ವಿಜಯೇಂದ್ರ ಇಂಗಳಗಿ): ಮೊದಲ ಭಾಗದಲ್ಲಿ ಅನಂತ್ ನಾಗ್ ಮಾಡಿದ್ದ ಆನಂದ್ ಇಂಗಳಗಿಯ ಮಗನಾಗಿ ಕಥೆ ಮುಂದುವರಿಸುತ್ತಾರೆ. ಇಂಗಳಗಿ ಹೆಸರಿನ ಊರುಗಳು ನಮ್ಮ ಉತ್ತರ ಕರ್ನಾಟಕದಲ್ಲೇ ಇರೋದರಿಂದ ಈ ಹೆಸರು ನಮ್ಮವರಿಗೆ ಬೇಗ ಹತ್ತಿರ ಅನಿಸುತ್ತದೆ.

ಅರ್ಚನಾ ಜೋಯಿಸ್ (ತಾಯಿ ಶಾಂತಮ್ಮ): ನಿಜಜೀವನದಲ್ಲಿ ಯಶ್‌ಗಿಂತ ವಯಸ್ಸಿನಲ್ಲಿ ಚಿಕ್ಕವರು. ತೆರೆ ಮೇಲೆ ಹಾಗೆ ಅನಿಸುವುದೇ ಇಲ್ಲ.

ಇವರ ಜೊತೆಗೆ ರೀನಾ ಆಗಿ ಶ್ರೀನಿಧಿ ಶೆಟ್ಟಿ, ಫಾತಿಮಾ ಆಗಿ ಈಶ್ವರಿ ರಾವ್, ಗುರು ಪಾಂಡಿಯನ್ ಆಗಿ ಅಚ್ಯುತ್ ಕುಮಾರ್, ಸಿಬಿಐ ಅಧಿಕಾರಿಯಾಗಿ ರಾವ್ ರಮೇಶ್, ಟಿವಿ ಸಂಪಾದಕಿಯಾಗಿ ಮಾಳವಿಕಾ ಅವಿನಾಶ್ ಇದ್ದಾರೆ. ಗರುಡನ ಪಾತ್ರ ಮಾಡಿದ ರಾಮಚಂದ್ರ ರಾಜು ಮೊದಲು ಯಶ್ ಅವರ ಬಾಡಿಗಾರ್ಡ್ ಆಗಿದ್ದವರು.

ಸಣ್ಣ ಪಾತ್ರ, ದೊಡ್ಡ ಕೆಲಸ

ರಾಕಿ ಎಷ್ಟು ದೊಡ್ಡವನು ಅಂತ ರಾಕಿ ಒಬ್ಬನೇ ಹೇಳಿಕೊಂಡರೆ ಯಾರೂ ನಂಬಲ್ಲ. ಅವನನ್ನು ಕಂಡು ಹೆದರುವವರು, ಅವನ ಸಲುವಾಗಿ ಅಳುವವರು ಬೇಕು. ಆ ಕೆಲಸ ಮಾಡಿದ ನಾಲ್ವರು ಈಗ ನಮ್ಮೊಂದಿಗಿಲ್ಲ.

ಮೋಹನ್ ಜುನೇಜ: ರಾಕಿಯ ಸುದ್ದಿಯನ್ನು ಪತ್ರಕರ್ತನಿಗೆ ಮುಟ್ಟಿಸುವ ನಾಗರಾಜು. ರಾಕಿಗೆ 'ಬಿಲ್ಡಪ್' ಕೊಟ್ಟ ಮೊದಲ ದನಿ ಇವರದು. 'ಚೆಲ್ಲಾಟ' ಸಿನಿಮಾದ ಕಾಮಿಡಿಯಿಂದ ಹೆಸರು ಮಾಡಿದ್ದರು. ಎರಡನೇ ಭಾಗ ತೆರೆಕಂಡು ಒಂದು ತಿಂಗಳು ತುಂಬುವ ಮೊದಲೇ, 2022ರ ಮೇ 7ರಂದು ತೀರಿಕೊಂಡರು.

ಕೃಷ್ಣಾಜಿ ರಾವ್: ಕಣ್ಣು ಕಾಣದ ತಾತ. ಮೊದಲ ಭಾಗದಲ್ಲಿ ಇವರನ್ನು ಕೊಲ್ಲಲು ಬಂದಾಗಲೇ ರಾಕಿ ತಿರುಗಿ ಬೀಳುವುದು. ಇಳಿವಯಸ್ಸಿನಲ್ಲಿ ಬಂದ ಈ ಹೆಸರಿನಿಂದ 'ನ್ಯಾನೋ ನಾರಾಯಣಪ್ಪ' ಚಿತ್ರದಲ್ಲಿ ಮುಖ್ಯ ಪಾತ್ರವೇ ಸಿಕ್ಕಿತು. 2022ರ ಡಿಸೆಂಬರ್‌ನಲ್ಲಿ ನಿಧನರಾದರು.

ದಿನೇಶ್ ಮಂಗಳೂರು: ಮುಂಬೈ ಡಾನ್ ಶೆಟ್ಟಿ. ಕಲಾ ನಿರ್ದೇಶಕರಾಗಿಯೂ ದುಡಿದವರು. 2025ರ ಆಗಸ್ಟ್‌ನಲ್ಲಿ ನಿಧನ.

ಹರೀಶ್ ರಾಯ್: ರಾಕಿಯನ್ನು ಸಾಕಿದ ಖಾಸಿಂ ಚಾಚಾ. 1995ರ 'ಓಂ' ಚಿತ್ರದ ಡಾನ್ ರಾಯ್ ಇವರೇ. ಇವರಿಗೆ ಥೈರಾಯ್ಡ್ ಕ್ಯಾನ್ಸರ್ ಇತ್ತು. ಕುತ್ತಿಗೆಯ ಬಾವು ಕಾಣಬಾರದು ಅಂತ ಉದ್ದ ಗಡ್ಡ ಬಿಟ್ಟು ನಟಿಸಿದ್ದೆ, ದುಡ್ಡಿಲ್ಲದ್ದಕ್ಕೆ ಆಪರೇಷನ್ ಮುಂದೂಡಿದ್ದೆ ಅಂತ 2022ರಲ್ಲಿ ತಾವೇ ಹೇಳಿಕೊಂಡರು. ಕೆಲವು ನಟರು ನೆರವಾದರೂ ರೋಗ ಬಿಡಲಿಲ್ಲ. 2025ರ ನವೆಂಬರ್ 6ರಂದು ಬೆಂಗಳೂರಿನಲ್ಲಿ ನಿಧನರಾದರು.

ಒಂದೇ ಸಿನಿಮಾದಲ್ಲಿ ಇಬ್ಬರಿಗೆ ಕ್ಯಾನ್ಸರ್. ಒಬ್ಬರು ಚಿಕಿತ್ಸೆ ಪಡೆದು ಬಂದು ಫೈಟ್ ಮಾಡಿದರು, ಇನ್ನೊಬ್ಬರು ಕೆಲಸ ತಪ್ಪಬಾರದು ಅಂತ ಗಡ್ಡದಲ್ಲಿ ಮುಚ್ಚಿಟ್ಟುಕೊಂಡರು. ದಿನದ ದುಡಿಮೆ ನಂಬಿದವರಿಗೆ ಇದು ಹೊಸ ಕಥೆ ಅಲ್ಲ. ಅಂಗಡಿ ಒಂದು ದಿನ ಬಾಗಿಲು ಹಾಕಿದರೆ ಏನಾಗುತ್ತದೆ ಅನ್ನೋದು ಸವಣೂರು ಪೇಟೆಯವರಿಗೂ ಗೊತ್ತು.

ಚಾಪ್ಟರ್ 3ರ ಸುಳಿವು ಎರಡನೇ ಭಾಗದ ಕೊನೆಯಲ್ಲೇ ಇದೆ. ಅದು ಬಂದರೂ ಈ ನಾಲ್ವರು ಅದರಲ್ಲಿ ಇರಲ್ಲ. ಮುಂದಿನ ಸಲ ಟಿವಿಯಲ್ಲಿ ಸಿನಿಮಾ ಬಂದಾಗ ಖಾಸಿಂ ಚಾಚಾನ ಗಡ್ಡ ಒಮ್ಮೆ ಗಮನಿಸಿ. ಆ ನಟನ ಹೆಸರು ಹರೀಶ್ ರಾಯ್.